ಚೀನೀ ಗಾದೆಗೆ ಇಂಗ್ಲಿಷ್ ಗಾದೆ ಸಾಕೇ?

ಪ್ರಶ್ನೆ: ನನ್ನ ಮಗಳು ಚೀನೀ ಭಾಷೆ ಕಲಿಯುತ್ತಿದ್ದಾಳೆ. ಅಲ್ಲಿನ ಗಾದೆ ಸಿಕ್ಕರೆ ಹತ್ತಿರದ ಇಂಗ್ಲಿಷ್ ಗಾದೆಯೊಂದನ್ನು ಹಾಕಿದರೆ ಆಯ್ತು ಅಂತಾಳೆ. ಅಷ್ಟು ಸಾಕೇ?
— ಓದುಗರೊಬ್ಬರು, ಮೈಸೂರು

ಉತ್ತರ: ಸಾಲದು. ಚೀನೀ ಗಾದೆಗಳಲ್ಲಿ ಎಷ್ಟೋ ಸಲ ಮುಖ್ಯ ಮಾತನ್ನು ಹೇಳಿಯೇ ಇರುವುದಿಲ್ಲ, ಕೇಳುವವರಿಗೆ ಗೊತ್ತು ಅಂತ ಬಿಟ್ಟಿರುತ್ತಾರೆ. ನಾಲ್ಕೇ ಅಕ್ಷರದ ಒಂದು ಮಾತಿದೆ: 'ಗಡಿಯ ಮುದುಕ ಕುದುರೆ ಕಳೆದುಕೊಂಡ.' ಇದರ ಕಥೆ ಕ್ರಿ.ಪೂ. 2ನೇ ಶತಮಾನದ 'ಹ್ವಾಯ್‌ನಾನ್‌ಜಿ' ಗ್ರಂಥದಲ್ಲಿದೆ. ಓಡಿಹೋದ ಕುದುರೆ ಒಳ್ಳೆ ತಳಿಯ ಕುದುರೆಯ ಜೊತೆ ವಾಪಸ್ ಬರುತ್ತದೆ, ಅದನ್ನು ಹತ್ತಿದ ಮಗ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ, ಆಮೇಲೆ ಯುದ್ಧ ಬಂದು ಊರಿನ ಗಂಡಸರಲ್ಲಿ ಹೆಚ್ಚಿನವರು ಸತ್ತಾಗ ಕುಂಟನಾದ್ದರಿಂದಲೇ ಇವನು ಉಳಿಯುತ್ತಾನೆ. ಇಂಗ್ಲಿಷಿನಲ್ಲಿ ಇದನ್ನು 'ಬ್ಲೆಸಿಂಗ್ ಇನ್ ಡಿಸ್‌ಗೈಸ್', ಅಂದರೆ ಕೆಟ್ಟದ್ದರ ವೇಷದಲ್ಲಿ ಬಂದ ಒಳ್ಳೆಯದು, ಅಂತ ಮುಗಿಸಿಬಿಡುತ್ತಾರೆ. ಅದು ಅರ್ಧ ಮಾತ್ರ. ಒಳ್ಳೆಯದೂ ಕೆಟ್ಟದ್ದಕ್ಕೆ ತಿರುಗಬಹುದು ಅನ್ನುವ ಎಚ್ಚರ ಎಲ್ಲಿ ಹೋಯಿತು?

ಎದುರಿಗೆ ಕೂತು ತಕ್ಷಣ ಹೇಳಬೇಕಾದ ದುಭಾಷಿಗಳ ಕಷ್ಟ ಇನ್ನೂ ಜಾಸ್ತಿ. 1970ರ ಡಿಸೆಂಬರಿನಲ್ಲಿ ಮಾವೋ ಅಮೆರಿಕದ ಪತ್ರಕರ್ತ ಎಡ್ಗರ್ ಸ್ನೋ ಜೊತೆ ಮಾತಾಡುತ್ತಾ ತಾನು 'ಕೊಡೆ ಹಿಡಿದ ಸನ್ಯಾಸಿ' ಅಂದರು. ಚೀನಾದಲ್ಲಿ ಒಗಟಿನಂಥ ಎರಡು ಭಾಗದ ಮಾತುಗಳಿವೆ. ಮೊದಲ ಭಾಗ ಹೇಳಿ ಸುಮ್ನಾದರೆ ಸಾಕು, ಉಳಿದದ್ದು ಕೇಳಿದವರಿಗೆ ಹೊಳೆಯುತ್ತದೆ. ಬೌದ್ಧ ಸನ್ಯಾಸಿಗೆ ತಲೆಗೂದಲಿಲ್ಲ, ಕೊಡೆ ಬಿಚ್ಚಿದರೆ ಮೇಲೆ ಆಕಾಶ ಕಾಣುವುದಿಲ್ಲ. ಕೂದಲಿಗೂ ಕಾನೂನಿಗೂ ಇರುವ ಚೀನೀ ಪದಗಳ ಉಚ್ಚಾರ ಹತ್ತಿರ ಹತ್ತಿರ ಒಂದೇ, ಆಕಾಶ ಅಂದರೆ ಎಲ್ಲರ ಮೇಲಿರುವ ದೈವ ಅಂತಲೂ ಅರ್ಥ. ಅಲ್ಲಿಗೆ 'ನನಗೆ ಕಾನೂನೂ ಇಲ್ಲ, ಮೇಲೊಬ್ಬನೂ ಇಲ್ಲ' ಅಂತಾಯಿತು. 1971ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಸ್ನೋ ಬರೆದ ಲೇಖನದಲ್ಲಿ ಅದು ತೂತು ಕೊಡೆ ಹಿಡಿದು ಜಗತ್ತು ಸುತ್ತುವ ಒಂಟಿ ಸನ್ಯಾಸಿಯಾಗಿತ್ತು! ಯಾರಿಗೂ ಬಗ್ಗದವನ ಮಾತು ಓದುಗರಿಗೆ ಯಾರೂ ಇಲ್ಲದ ಮುದುಕನ ಅಳಲಾಗಿ ಕೇಳಿಸಿತು. ದೇಶವೊಂದರ ನಾಯಕನ ಮನಸ್ಸನ್ನೇ ತಪ್ಪಾಗಿ ಓದಿದ ಹಾಗಾಯಿತಲ್ಲ, ಇದು ಸಣ್ಣ ವಿಷಯ ಅಲ್ಲ.

ನಿಮ್ಮ ಮಗಳಿಗೆ ಹೇಳಿ: ಮಾತಾಡಿದವರು ಯಾಕೆ ಆ ಗಾದೆ ಎತ್ತಿದರು ಅನ್ನುವುದನ್ನು ಮೊದಲು ಹಿಡಿಯಲಿ, ಅದನ್ನು ಸರಳ ಇಂಗ್ಲಿಷಿನಲ್ಲಿ ಹೇಳಲಿ. ಸಮಯವಿದ್ದರೆ ಕುದುರೆ, ಕೊಡೆ ಎಲ್ಲ ಆಮೇಲೆ ಬರಲಿ. ಬರಹದಲ್ಲಾದರೆ ಕಥೆಯನ್ನು ಒಂದೆರಡು ಸಾಲಲ್ಲಿ ಸೇರಿಸಲೇಬೇಕು.

ಪ್ರಶ್ನೆ: 'ಒಂದು ಚಿತ್ರ ಸಾವಿರ ಮಾತಿಗೆ ಸಮ' ಅನ್ನುವುದು ಚೀನಾದ ಗಾದೆಯೇ?
— ಇನ್ನೊಬ್ಬ ಓದುಗರು, ಹಾಸನ

ಉತ್ತರ: ಅಲ್ಲ. 1927ರಲ್ಲಿ ಅಮೆರಿಕದ ಜಾಹೀರಾತಿನವರೊಬ್ಬರು, ಫ್ರೆಡ್ ಬರ್ನಾರ್ಡ್ ಅಂತ, ಜನ ನಂಬಲಿ ಅಂತ ಇದಕ್ಕೆ ಚೀನೀ ಗಾದೆ ಅನ್ನುವ ಹಣೆಪಟ್ಟಿ ಹಚ್ಚಿದರು. ಅವರು ಬರೆದದ್ದು ಹತ್ತು ಸಾವಿರ ಮಾತು. ಚೀನಾದ ನಿಜವಾದ ಮಾತು 'ನೂರು ಸಲ ಕೇಳುವುದಕ್ಕಿಂತ ಒಂದು ಸಲ ನೋಡುವುದು ಮೇಲು.' ಹಾನ್ ರಾಜವಂಶದ ಕಾಲದಲ್ಲಿ ಎಪ್ಪತ್ತು ದಾಟಿದ ಸೇನಾಪತಿ ಝಾವ್ ಛೊಂಗ್‌ಗ್ವೋ, ದಂಗೆ ಅಡಗಿಸಲು ಎಷ್ಟು ಸೈನ್ಯ ಬೇಕು ಅಂತ ಚಕ್ರವರ್ತಿ ಕೇಳಿದಾಗ ಹೀಗಂದರು. ಇಲ್ಲೇ ಕೂತು ಲೆಕ್ಕ ಹೇಳಲಾಗದು, ಹೋಗಿ ನೋಡಿಕೊಂಡು ಯೋಜನೆ ಕಳಿಸುತ್ತೇನೆ ಅಂತ. ಚಿತ್ರದ ಮಾತೇ ಅದರಲ್ಲಿಲ್ಲ.