ಗೆಳೆಯರ ಪೆನ್‌ಡ್ರೈವ್‌ನಿಂದ ಬರುವ ಕ್ರ್ಯಾಕ್ ಸಾಫ್ಟ್‌ವೇರ್: ಮಗನನ್ನು ಬಿಡಿಸುವ ಬಗೆ

ನೀವು ಎರಡು ಬಾರಿ ಅಳಿಸಿದರೂ ಹದಿನೈದರ ಮಗ ಗೆಳೆಯರಿಂದ ಕ್ರ್ಯಾಕ್ ಮಾಡಿದ (ಹಣ ಕೊಡದೆ ಬಳಸಲು ಪರವಾನಗಿಯ ಬೀಗ ಮುರಿದ) ವಿಡಿಯೊ ಎಡಿಟರ್ ತಂದು ಮತ್ತೆ ಹಾಕಿಕೊಳ್ಳುತ್ತಿರುವುದಕ್ಕೆ ಹಣದ ಕೊರತೆಗಿಂತ ಗುಂಪಿನಲ್ಲಿ ಹಿಂದೆ ಬೀಳುವ ಅಂಜಿಕೆಯೇ ಕಾರಣವಿರಬೇಕು. ಖಚಿತವಾಗಿ ಹೇಳಲಾರೆ, ಆದರೆ ನನ್ನ ಮಗಳ ವಿಷಯದಲ್ಲಿ ಅದೇ ಆಗಿತ್ತು.

ಮೊದಲು ಕಂಪ್ಯೂಟರನ್ನು ನೋಡಿ. ಇಂತಹ ಫೋಲ್ಡರುಗಳಲ್ಲಿ ‘ಆಂಟಿವೈರಸ್ ಆಫ್ ಮಾಡಿ, ಆಮೇಲೆ ಇನ್‌ಸ್ಟಾಲ್ ಮಾಡಿ’ ಎಂಬ ಸಣ್ಣ ಟಿಪ್ಪಣಿ ಇರುವುದು ಸಾಮಾನ್ಯ. ಮಕ್ಕಳು ಅದನ್ನು ಹಾಗೆಯೇ ಪಾಲಿಸುತ್ತಾರೆ, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಕದಿಯುವ ಕುತಂತ್ರಾಂಶ ಎಷ್ಟೋ ಬಾರಿ ಒಳಬರುವುದು ಇದೇ ದಾರಿಯಿಂದ. ಆಂಟಿವೈರಸ್ ಮತ್ತೆ ಚಾಲೂ ಮಾಡಿ ಪೂರ್ತಿ ಸ್ಕ್ಯಾನ್ ಮಾಡಿ, ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ. ಏನಾದರೂ ಸಿಕ್ಕರೆ ವಿಂಡೋಸ್ ಅನ್ನೇ ಹೊಸದಾಗಿ ಹಾಕುವುದು ಕ್ಷೇಮ.

ಬಳಿಕ ಕಂಪ್ಯೂಟರಿನಲ್ಲಿ ಅವನ ಖಾತೆಯಿಂದ ಅಡ್ಮಿನ್ ಅಧಿಕಾರ, ಅಂದರೆ ಸಾಫ್ಟ್‌ವೇರ್ ಹಾಕಲು ಅನುಮತಿ ಕೊಡುವ ಅಧಿಕಾರ, ತೆಗೆಯಿರಿ, ಕಾರಣವನ್ನೂ ಅವನಿಗೆ ಹೇಳಿ. ಜೊತೆಗಾರರು ನೋಡುತ್ತಿರುವಾಗ ಹದಿಹರೆಯದವರು ಒಬ್ಬರೇ ಇರುವಾಗಿನದಕ್ಕಿಂತ ಹೆಚ್ಚು ಅಪಾಯಕ್ಕೆ ಕೈಹಾಕುತ್ತಾರೆಂದು ಮನಶ್ಶಾಸ್ತ್ರಜ್ಞರಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಕಾರು ಓಡಿಸುವ ಕಂಪ್ಯೂಟರ್ ಆಟದ ಪ್ರಯೋಗದಿಂದ ತೋರಿಸಿದ್ದಾರೆ. ಆ ಹೊತ್ತಿನಲ್ಲಿ ಸಂಯಮವನ್ನು ಅವನೊಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ. ‘ಅಪ್ಪನ ಪಾಸ್‌ವರ್ಡ್ ಬೇಕು’ ಎಂದು ಗೆಳೆಯರಿಗೆ ಹೇಳಲು ಅವನಿಗೊಂದು ನೆಪ ಸಿಗಲಿ.

ಅದೇ ದಿನ ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಎಡಿಟರಿನ ಉಚಿತ ಆವೃತ್ತಿಯನ್ನು, ಕಂಪ್ಯೂಟರ್ ಹಳೆಯದಾಗಿದ್ದರೆ ಶಾಟ್‌ಕಟ್ ಎಂಬ ಉಚಿತ ಎಡಿಟರನ್ನು, ಅವುಗಳ ಅಧಿಕೃತ ತಾಣದಿಂದಲೇ ಇಳಿಸಿ ಅವನ ಕೈಗೆ ಕೊಡಿ.