22 ನಿಮಿಷದ ಕಾರ್ಟೂನ್ ಪೈಲಟ್‌ಗೆ ಬಣ್ಣ ಹಾಕುತ್ತಿರುವ ಪುಣೆಯ ತಮ್ಮನಿಗೆ

ತಮ್ಮಾ, ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ. ವಯಸ್ಸಿನಲ್ಲಿ ನಿನಗಿಂತ ಬಹಳ ದೊಡ್ಡವನು. ನೀನೀಗ ಇಳಿಯುತ್ತಿರುವ ಹೊಂಡದಲ್ಲಿ ಎರಡು ವರ್ಷ ಕೂತಿದ್ದವನು.

ಇಲ್ಲಿ ನೀನು ಹಾಕಿದ ಪೋಸ್ಟ್ ಓದಿದೆ. ಟಿವಿಗೆ ಅಂತ ಮಕ್ಕಳ ಕಾರ್ಟೂನ್ ಮಾಡುತ್ತಿದ್ದೀಯ, ಎಂಟು ತಿಂಗಳಲ್ಲಿ 1 ನಿಮಿಷ 40 ಸೆಕೆಂಡ್ ಮುಗಿದಿದೆ, ಬಣ್ಣ ಸಮೇತ. 22 ನಿಮಿಷದ ಮೊದಲ ಕಂತನ್ನು, ಅಂದರೆ ಮಾದರಿಗೆ ತೋರಿಸುವ ಪೈಲಟನ್ನು, ಒಬ್ಬನೇ ಮುಗಿಸಿ ಚಾನೆಲ್‌ಗೆ ತೋರಿಸುತ್ತೇನೆ, 52 ಕಂತಿನ ಕಥೆ ತಯಾರಿದೆ, ಕೆಲಸ ಬಿಡಲಾ ಅಂತ ಕೇಳಿದ್ದೀಯ. ಕೆಳಗೆ ಎಲ್ಲರೂ ಬೆಂಕಿ ಇಮೋಜಿ ಹಾಕಿ ಹೋಗಿದ್ದಾರೆ. ಒಬ್ಬರಾದರೂ ಕ್ಯಾಲ್ಕುಲೇಟರ್ ತೆಗೆಯಬಾರದಿತ್ತಾ? ಉಳಿದಿರುವುದು 1220 ಸೆಕೆಂಡ್. ಇದೇ ವೇಗದಲ್ಲಿ ಇನ್ನೂ ಸುಮಾರು 98 ತಿಂಗಳು ಬೇಕು. ನಿನ್ನ ಕಾರ್ಟೂನ್ ನೋಡಬೇಕಾದ ಎಂಟು ವರ್ಷದ ಮಗು ಅಷ್ಟರಲ್ಲಿ ಪಿಯುಸಿಗೆ ಬಂದಿರುತ್ತದೆ. ಆನ್ ಟೂಸ್ ಹಾಕಿದರೂ, ಅಂದರೆ ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ, ಸೆಕೆಂಡಿಗೆ 12 ಚಿತ್ರ, 22 ನಿಮಿಷಕ್ಕೆ 15,840. ಅದೂ ಪರದೆಯ ಮೇಲೆ ಒಂದೇ ಪಾತ್ರ ಇದ್ದರೆ.

ಕೆಲಸ ಬಿಡಬೇಡ. ಆ ವಿಷಯ ಇಲ್ಲಿಗೇ ಮುಗಿಯಿತು.

ನಾನು ಮಾಡಿದ್ದೂ ಇದನ್ನೇ. ನನ್ನದು ಮಾಟುಂಗದ ಒಂದು ಉಡುಪಿ ಹೋಟೆಲಿನ ಕಥೆ. ರುಬ್ಬುವ ಕಲ್ಲಿನೊಳಗೆ ಒಂದು ಪುಟ್ಟ ಭೂತ ಇರುತ್ತದೆ, ಕಪ್ಪು-ಬಸಿ ತೊಳೆಯುವ ಹುಡುಗನಿಗೆ ಮಾತ್ರ ಕಾಣುತ್ತದೆ. ಕಥೆ ಈಗಲೂ ಕೆಟ್ಟದು ಅಂತ ಅನಿಸುವುದಿಲ್ಲ. ಆದರೆ ನಾನು ಶುರು ಮಾಡಿದ್ದು ಬಿಜಿಯಿಂದ, ಅಂದರೆ ಪಾತ್ರಗಳ ಹಿಂದಿನ ಹಿನ್ನೆಲೆ ಚಿತ್ರಗಳಿಂದ. ಭಾನುವಾರ ಬೆಳಿಗ್ಗೆ ಡೊಂಬಿವಲಿಯಿಂದ ಲೋಕಲ್ ಹಿಡಿದು ಮಾಟುಂಗಕ್ಕೆ ಹೋಗಿ, ಇಡ್ಲಿ ತಿಂದು, ಅಡುಗೆಮನೆಯ ಸ್ಕೆಚ್ ಮಾಡಿಕೊಂಡು ಬರುತ್ತಿದ್ದೆ. ಸ್ಟೀಲ್ ಲೋಟದ ಮೇಲಿನ ಗೆರೆ, ಕೈತೊಳೆಯುವ ಬೇಸಿನ್ನಿನ ಕಲೆ, ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದ ತಿಂಡಿಗಳ ಪಟ್ಟಿ, ಒಂದೂ ಬಿಡಲಿಲ್ಲ. ಧ್ವನಿ ಆಮೇಲೆ ರೆಕಾರ್ಡ್ ಮಾಡಿದರಾಯಿತು ಅಂದುಕೊಂಡೆ. ಒಂದೂವರೆ ವರ್ಷದ ಮೇಲೆ ಧ್ವನಿ ಹಾಕಿ ನೋಡಿದರೆ, 40 ಸೆಕೆಂಡಿನ ಅಡುಗೆಮನೆ ದೃಶ್ಯಕ್ಕೆ ಬೇಕಾಗಿದ್ದದ್ದು 9 ಸೆಕೆಂಡ್. ಉಳಿದ 31 ಸೆಕೆಂಡ್, ಅಂದರೆ ನನ್ನ ಎರಡು ತಿಂಗಳು, ಕಸದ ಬುಟ್ಟಿಗೆ.

ಅದನ್ನೇ ಹಿಡಿದುಕೊಂಡು ಒಂದು ಚಾನೆಲ್ ಆಫೀಸಿಗೆ ಹೋದೆ. ಯಾವ ಚಾನೆಲ್ ಅಂತ ಕೇಳಬೇಡ, ತಪ್ಪು ಅವರದಲ್ಲ. ಅಲ್ಲಿದ್ದ ಮೇಡಂ ಎರಡು ನಿಮಿಷ ನೋಡಿ ನಿಲ್ಲಿಸಿದರು. "ಚೆನ್ನಾಗಿದೆ. ಹನ್ನೊಂದನೇ ಕಂತಿನಲ್ಲಿ ಏನಾಗುತ್ತೆ?" ಅಂದರು. ನನ್ನ ಬಾಯಿ ಕಟ್ಟಿಹೋಯಿತು. ನನ್ನ ಹತ್ತಿರ ಇದ್ದದ್ದು ಒಂದೇ ಕಂತು, ತುಂಬಾ ಚೆಂದದ ಗೋಡೆಗಳು.

ಈಗ ನನ್ನ ಪದ್ಧತಿ ಬೇರೆ. ಮನೆಯಲ್ಲಿ ಇದಕ್ಕೆ ಚಕ್ಕುಲಿ ಟೆಸ್ಟ್ ಅಂತಲೇ ಹೆಸರು, ನಗಬೇಡ. 22 ಬಿಡು, 11 ನಿಮಿಷದ ಕಥೆ ತಗೋ. ಅರ್ಧ ಗಂಟೆಯ ಸ್ಲಾಟಿಗೆ ಎರಡು ಕಥೆ ಕೂರುತ್ತವೆ. ಸ್ಕ್ರ್ಯಾಚ್ ಧ್ವನಿ, ಅಂದರೆ ತಾತ್ಕಾಲಿಕ ಕಚ್ಚಾ ಧ್ವನಿ, ಮೊದಲು, ಫೋನಿನಲ್ಲೇ, ಬೀರು ಬಾಗಿಲು ತೆಗೆದು ಬಟ್ಟೆಗಳ ಎದುರು ನಿಂತು ಮಾತಾಡಿದರೆ ಗೂಂಯ್ ಅನ್ನುವುದಿಲ್ಲ. ಆಮೇಲೆ ಸ್ಟೋರಿಬೋರ್ಡ್, ಅಂದರೆ ಒಂದೊಂದು ಶಾಟಿನ ಚಿತ್ರ, ಬರೀ ಗೆರೆಯಲ್ಲಿ, ಬಣ್ಣ ಖಂಡಿತ ಬೇಡ. ಎರಡನ್ನೂ ಜೋಡಿಸಿದ ಕಚ್ಚಾ ವಿಡಿಯೋವೇ ಅನಿಮ್ಯಾಟಿಕ್. ಆಮೇಲೆ ಬಿಲ್ಡಿಂಗಿನ ಐದಾರು ಮಕ್ಕಳನ್ನು ಕೂರಿಸಿ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಒಂದು ತಟ್ಟೆ ಚಕ್ಕುಲಿ ಇಡು. ಲ್ಯಾಪ್‌ಟಾಪಿನಲ್ಲಿ ಅನಿಮ್ಯಾಟಿಕ್ ಓಡಲಿ. ಫೋನಿನ ಕ್ಯಾಮೆರಾ ಮಕ್ಕಳ ಮುಖದ ಕಡೆ ಇರಲಿ. ಸಂಜೆ ಎರಡೂ ವಿಡಿಯೋ ಪಕ್ಕಪಕ್ಕ ಇಟ್ಟು, ಯಾವ ಸೆಕೆಂಡಿಗೆ ಕೈ ತಟ್ಟೆಗೆ ಹೋಯಿತು ಅಂತ ಬರೆದುಕೋ. ಒಂದು ಕೈ ಹೋದರೆ ಆ ಮಗುವಿಗೆ ಹಸಿವು ಇರಬಹುದು. ನಾಲ್ಕು ಕೈ ಒಟ್ಟಿಗೆ ಹೋದರೆ ಆ ದೃಶ್ಯ ಸತ್ತಿದೆ.

ನನ್ನದರಲ್ಲಿ 3 ನಿಮಿಷ 10 ಸೆಕೆಂಡಿಗೆ ಎಲ್ಲ ಕೈಗಳೂ ಹೋದವು. ಅದು ಅಜ್ಜಿ ಊರಿನ ನೆನಪು ಹೇಳುವ ದೃಶ್ಯ. ಬರೆಯುವಾಗ ನಾನೇ ಅತ್ತಿದ್ದೆ. ಮಕ್ಕಳು ಚಕ್ಕುಲಿ ಕಡಿಯುತ್ತಾ ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ತೆಗೆದುಹಾಕಿದೆ. ಗೆರೆಯ ಚಿತ್ರ ಕಿತ್ತುಹಾಕಲು ಹತ್ತು ನಿಮಿಷ ಸಾಕು, ಅದೇ ಬಣ್ಣ ಹಾಕಿದ್ದಾಗಿದ್ದರೆ ಜೀವ ಹೋಗುತ್ತಿತ್ತು.

ಇದಕ್ಕೆ ಷರತ್ತುಗಳಿವೆ. ನಿನ್ನ ಸ್ವಂತ ಮಕ್ಕಳು, ಅಕ್ಕನ ಮಕ್ಕಳು ಲೆಕ್ಕಕ್ಕಿಲ್ಲ. ಊಟಕ್ಕೆ ಮುಂಚೆ ಮಾಡಬೇಡ. ಇದು ನಾನು ಮಾಡಿದ್ದು ಅಂತ ಹೇಳಬೇಡ. ಮಕ್ಕಳ ವಿಡಿಯೋ ತೆಗೆಯುವ ಮುಂಚೆ ಅಪ್ಪ ಅಮ್ಮನ ಒಪ್ಪಿಗೆ ಕೇಳು, ಬರೆದುಕೊಂಡ ಮೇಲೆ ಅಳಿಸು. ಇಷ್ಟ ಆಯ್ತಾ ಅಂತ ಕೇಳಲೇಬೇಡ, ಚಕ್ಕುಲಿ ಕೊಟ್ಟವರಿಗೆ ಯಾರೂ ಇಲ್ಲ ಅನ್ನುವುದಿಲ್ಲ. ಮಾರನೇ ದಿನ ಲಿಫ್ಟಿನಲ್ಲಿ ಸಿಕ್ಕಾಗ ಕಥೆ ಹೇಳು ಅಂತ ಕೇಳು. ಅವರು ಬಿಟ್ಟ ಜಾಗದಲ್ಲೇ ನಿನ್ನ ಕಥೆ ಸಡಿಲ. ಒಮ್ಮೆ ಧ್ವನಿ ಮ್ಯೂಟ್ ಮಾಡಿಯೂ ತೋರಿಸು. ನಮ್ಮ ಬಿಲ್ಡಿಂಗಿನಲ್ಲಿ ಮಕ್ಕಳು ಮನೆಯಲ್ಲಿ ಕನ್ನಡ ಇಲ್ಲವೇ ತುಳು, ಕೆಳಗೆ ಆಟದಲ್ಲಿ ಮರಾಠಿ, ಸ್ಕೂಲಿನಲ್ಲಿ ಇನ್ನೊಂದು. ಧ್ವನಿಯಿಲ್ಲದೆ ಅರ್ಧ ಕಥೆ ಅರ್ಥವಾದರೆ ಯಾವ ಭಾಷೆಗೆ ಡಬ್ ಆದರೂ ಭಯವಿಲ್ಲ.

ಡಬ್ಬಿಂಗ್ ಅಂದಾಗ ನೆನಪಾಯಿತು. ಬಿಜಿಯಲ್ಲಿ ಅಕ್ಷರ ಬರೆಯಬೇಡ, ಬರೆದರೆ ಬೇರೆ ಲೇಯರಿನಲ್ಲಿ, ಅಂದರೆ ಬೇರೆ ಪದರದಲ್ಲಿ, ಇಡು. ನನ್ನ ತಿಂಡಿಪಟ್ಟಿ ಬೋರ್ಡುಗಳೆಲ್ಲ ಗೋಡೆಯ ಜೊತೆ ಒಂದೇ ಪದರದಲ್ಲಿದ್ದವು. ಹಿಂದಿ ಆವೃತ್ತಿಗೆ ಗೋಡೆಗಳನ್ನೇ ಮತ್ತೆ ಬರೆಯಬೇಕಾಯಿತು. ಲಿಪ್ ಸಿಂಕಿಗೆ, ಅಂದರೆ ಮಾತಿಗೆ ತಕ್ಕಂತೆ ತುಟಿ ಆಡಿಸುವುದಕ್ಕೆ, ಏಳೆಂಟು ಬಾಯಿಯ ಆಕಾರ ಸಾಕು. ಪ, ಬ, ಮ ಬಂದಾಗ ತುಟಿ ಮುಚ್ಚಿದರೆ ಮುಕ್ಕಾಲು ಕೆಲಸ ಆಯಿತು. ನಮ್ಮ ಮಾತುಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಕೊನೆಯಲ್ಲಿ ಬಾಯಿಯನ್ನು ಟಪ್ ಅಂತ ಮುಚ್ಚಬೇಡ.

ಇನ್ನು ನಿನ್ನ ಹೀರೋ. ಯಕ್ಷಗಾನದ ಹುಡುಗ, ಒಳ್ಳೆಯದು, ನನಗೂ ಬಡಗುತಿಟ್ಟು ಅಂದರೆ ಪ್ರಾಣ. ಆದರೆ ಮಾರಾಯಾ, ತಲೆಗೆ ಕಟ್ಟುವ ಕೇದಗೆ ಮುಂದಲೆಯ ಒಂದೊಂದು ಪಟ್ಟಿ, ಎದೆಯ ಮೇಲಿನ ಒಂದೊಂದು ಮಣಿ, ಕಾಲಿಗೆ ಚೌಕುಳಿ ಕಸೆ ಸೀರೆ! ಅವನು ಒಂದು ಸುತ್ತು ತಿರುಗಿದರೆ ನಿನಗೆ ಮೂರು ವಾರ. ಎಂಟು ತಿಂಗಳು ಹೋದದ್ದು ಇಲ್ಲೇ. ಪೂರ್ತಿ ಕಪ್ಪು ತುಂಬಿ ಸಿಲ್ಹೌಟ್ ನೋಡು. ಮುಂದಲೆಯ ಆಕಾರ ಒಂದರಿಂದಲೇ ಅವನು ಯಾರು ಅಂತ ಗೊತ್ತಾಗುತ್ತದೆ. ಪಟ್ಟಿ ಮೂರು ಸಾಕು. ಮಣಿ ಬದಲು ಒಂದು ಬಣ್ಣದ ತೇಪೆ. ಚೌಕುಳಿ ಬೇಕೇ ಬೇಕು ಅಂದರೆ ಟೈಟಲ್ ಕಾರ್ಡಿನಲ್ಲಿ ಅವನು ಸುಮ್ನೆ ನಿಂತಾಗ ಹಾಕು. ಅಥವಾ ಹುಡುಗ ದಿನವಿಡೀ ಚಡ್ಡಿ ಬನಿಯನ್ನಿನಲ್ಲೇ ಇದ್ದು, ಕಂತಿಗೊಮ್ಮೆ ಮಾತ್ರ ವೇಷ ಕಟ್ಟಲಿ. ವೇಷ ಕಟ್ಟುವ ಶಾಟನ್ನು ಒಮ್ಮೆ ಮಾಡಿದರೆ ಪ್ರತಿ ಕಂತಿಗೂ ಬಳಸಬಹುದು, ಮಕ್ಕಳಿಗೂ ಅದೇ ಬೇಕು.

ಪೂರ್ತಿ ಫ್ರೇಮ್ ಬೈ ಫ್ರೇಮ್, ಅಂದರೆ ಪ್ರತಿ ಚಿತ್ರವನ್ನೂ ಹೊಸದಾಗಿ ಬರೆಯುವ, ಹಠವನ್ನೂ ಬಿಡು. ಒಬ್ಬನೇ ಮಾಡುವವನಿಗೆ ಕಟ್‌ಔಟ್ ರಿಗ್ಗೇ ಗತಿ, ಅಂದರೆ ಕೈಕಾಲು ಬಿಡಿಬಿಡಿಯಾಗಿ ಜೋಡಿಸಿ ಆಡಿಸುವ ಬೊಂಬೆಯಂಥ ಪಾತ್ರ. ಕುಣಿತದ ಎರಡು ಶಾಟ್ ಮಾತ್ರ ಕೈಯಲ್ಲಿ ಮಾಡು. ಅನಿಮೇಷನ್ ಸಾಫ್ಟ್‌ವೇರುಗಳಲ್ಲಿ ಹಾರ್ಮನಿ ಚೆನ್ನಾಗಿದೆ, ಆದರೆ ಬಾಡಿಗೆ ಮನೆ ಇದ್ದ ಹಾಗೆ, ತಿಂಗಳ ಹಣ ನಿಂತರೆ ನಿನ್ನ ಫೈಲೇ ನಿನಗೆ ತೆರೆಯುವುದಿಲ್ಲ. ಬ್ಲೆಂಡರ್ ಸಾಫ್ಟ್‌ವೇರಿನ ಗ್ರೀಸ್ ಪೆನ್ಸಿಲ್ ಕಲಿ, ಪುಕ್ಕಟೆ. ಓಪನ್‌ಟೂನ್ಜ್ ಕೂಡ ಪುಕ್ಕಟೆ, 2016ರಲ್ಲಿ ಓಪನ್ ಸೋರ್ಸ್ ಆಯಿತು, ನನ್ನ ಮಷೀನಿನಲ್ಲಿ ಮಾತ್ರ ಆಗಾಗ ಕಣ್ಣು ಮುಚ್ಚುತ್ತದೆ. ಬಿಜಿಗೆ ಚಿತ್ರ ಬರೆಯುವ ಕ್ರಿತಾ ಸಾಫ್ಟ್‌ವೇರ್ ಸಾಕು. ಪರದೆಯ ಮೇಲೇ ಬರೆಯುವ ವಾಕಾಮ್ ಡಿಸ್‌ಪ್ಲೇಗೆ ಸಾಲ ಮಾಡಬೇಡ. ನನ್ನ ಪರದೆಯಿಲ್ಲದ ಹುಯಾನ್ ಟ್ಯಾಬ್ಲೆಟ್ ಐದು ವರ್ಷ ದುಡಿದಿದೆ, ನಿಬ್ ಮಾತ್ರ ಬದಲಿಸಿದ್ದೇನೆ. ಪ್ರಾಜೆಕ್ಟ್ ಶುರುವಿನಲ್ಲೇ ಸೆಕೆಂಡಿಗೆ 25 ಫ್ರೇಮಿಗೆ ಸೆಟ್ ಮಾಡು, ನಮ್ಮ ಟಿವಿ ಪ್ರಸಾರದ ಲೆಕ್ಕ ಅದು. ನಾನು 24ರಲ್ಲಿ ಮಾಡಿ ಆಮೇಲೆ ಧ್ವನಿ ಸರಿಸಿ ಸರಿಸಿ ಸುಸ್ತಾದೆ.

52 ಕಂತಿನ ಕಥೆ ಅಂದೆಯಲ್ಲ. ಓದಿದೆ. ಮೂವತ್ತನೇ ಕಂತು ಅರ್ಥವಾಗಬೇಕಾದರೆ ಇಪ್ಪತ್ತೊಂಬತ್ತನ್ನೂ ನೋಡಿರಬೇಕು. ಮಕ್ಕಳ ಚಾನೆಲ್‌ಗಳು ಕಂತುಗಳನ್ನು ಹಿಂದೆ ಮುಂದೆ ಮಾಡಿ ಮತ್ತೆ ಮತ್ತೆ ಹಾಕುತ್ತವೆ. ಮಗು ಟ್ಯೂಷನ್ ಮುಗಿಸಿ ಬಂದು ಮಧ್ಯದಲ್ಲಿ ಕೂರುತ್ತದೆ. ಪ್ರತಿ ಕಥೆ ಅಲ್ಲೇ ಹುಟ್ಟಿ ಅಲ್ಲೇ ಮುಗಿಯಬೇಕು. ನಿನ್ನ ಕಥೆಯ ಅರವತ್ತು ಪುಟ ಬದಿಗಿಟ್ಟು, ಬೈಬಲನ್ನು, ಅಂದರೆ ಚಾನೆಲ್‌ಗೆ ಕೊಡುವ ಸರಣಿಯ ಪರಿಚಯ ಪುಸ್ತಕವನ್ನು, 12 ಪುಟಕ್ಕೆ ಇಳಿಸು. ಐದು ಪಾತ್ರ, ಎಲ್ಲ ಬದಿಯಿಂದ ಅವರನ್ನು ತೋರಿಸುವ ಟರ್ನ್‌ಅರೌಂಡ್, ಯಾರು ಎಷ್ಟು ಎತ್ತರ ಅಂತ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ ಒಂದು ಚಿತ್ರ, ಮೂರು ಮೂರು ವಾಕ್ಯದ ಹದಿಮೂರು ಕಥೆ, ಒಂದು ಪೂರ್ತಿ ಸ್ಕ್ರಿಪ್ಟ್. ಇದರ ಜೊತೆ ಅನಿಮ್ಯಾಟಿಕ್, 60 ಸೆಕೆಂಡಿನ ಟೀಸರ್. ಆ ಟೀಸರಿಗೆ ಮಾತ್ರ ಬಣ್ಣ. ನಿನ್ನ ಹತ್ತಿರ ಆಗಲೇ 100 ಸೆಕೆಂಡ್ ಇದೆ, ಕತ್ತರಿಸು.

ಮೊದಲು ಕಾಮಿಕ್ ಪಟ್ಟಿಯಾಗಿ ಹಾಕಿದರೂ ತಪ್ಪಿಲ್ಲ. ಮೋಟು ಪತ್ಲು 2012ರಲ್ಲಿ ಟಿವಿಗೆ ಬಂತು, ಆದರೆ ಆ ಇಬ್ಬರು ಲೋಟ್‌ಪೋಟ್ ಅನ್ನುವ ಹಿಂದಿ ಮಕ್ಕಳ ಪತ್ರಿಕೆಯ ಹಳೇ ಗಿರಾಕಿಗಳು. ಮೊದಲೇ ಓದುಗರಿರುವ ಪಾತ್ರ ಅಂದರೆ ಚಾನೆಲ್‌ನವರಿಗೂ ಧೈರ್ಯ.

ಈಗ ಬೈಗುಳ. ಡ್ಯೂಟಿ ಮುಗಿದ ಮೇಲೆ ಆಫೀಸಿನ ಮಷೀನಿನಲ್ಲೇ ಮಾಡುತ್ತೇನೆ ಅಂತ ಹೆಮ್ಮೆಯಿಂದ ಬರೆದಿದ್ದೀಯ. ಬುದ್ಧಿ ಇದೆಯಾ? 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ನೌಕರಿಯ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರೇ ಮೊದಲ ಒಡೆಯರು. ಇದು ನನ್ನ ಸ್ವಂತ ಸಮಯದ ಕೆಲಸ ಅಂತ ನೀನು ವಾದಿಸಬಹುದು. ಆದರೆ ಅವರ ಮಷೀನು, ಅವರ ಸಾಫ್ಟ್‌ವೇರು, ಅವರ ಸರ್ವರಿನಲ್ಲಿ ನಿನ್ನ ಫೈಲು. ಜೊತೆಗೆ ನೇಮಕದ ಕಾಗದದಲ್ಲಿ ಏನೇನು ಸಹಿ ಹಾಕಿದ್ದೀಯೋ. ಇವತ್ತೇ ಆ ಕಾಗದ ತೆಗೆದು ಓದು. ಇನ್ನು ಮುಂದೆ ಮನೆಯ ಮಷೀನಿನಲ್ಲೇ ಮಾಡು. ಸ್ಕ್ರಿಪ್ಟನ್ನು ಸಾಹಿತ್ಯ ಕೃತಿಯಾಗಿ ನೋಂದಾಯಿಸು, ನಾನು ಕಟ್ಟಿದ್ದು 500 ರೂಪಾಯಿ. ಬರೀ ಐಡಿಯಾಕ್ಕೆ ರಕ್ಷಣೆ ಇಲ್ಲ, ಬರೆದದ್ದಕ್ಕೆ, ಚಿತ್ರಿಸಿದ್ದಕ್ಕೆ ಮಾತ್ರ. ಯಾರಾದರೂ ಹಕ್ಕು ಬರೆದುಕೊಡು ಅಂದರೆ ಎಷ್ಟು ವರ್ಷಕ್ಕೆ, ಯಾವ ದೇಶಕ್ಕೆ ಅಂತ ನೋಡು. ಕಾಗದದಲ್ಲಿ ಅವಧಿ ಇಲ್ಲದಿದ್ದರೆ ಕಾನೂನು ಐದು ವರ್ಷ ಅಂತ ಹಿಡಿಯುತ್ತದೆ, ಜಾಗ ಹೇಳದಿದ್ದರೆ ಭಾರತ ಅಂತ. ಆದರೆ ಬುದ್ಧಿವಂತರು ಖಾಲಿ ಬಿಡುವುದಿಲ್ಲ, "ಎಲ್ಲ ಮಾಧ್ಯಮ, ಎಲ್ಲ ಕಾಲ" ಅಂತ ತುಂಬಿಯೇ ಕಳಿಸುತ್ತಾರೆ. ನನಗೆ ಬಂದ ಕಾಗದದಲ್ಲಿ ಗೊಂಬೆ, ಟಿಫಿನ್ ಡಬ್ಬಿ, ಎಲ್ಲವೂ ಅವರದೇ ಅಂತಿತ್ತು. ವಕೀಲರಿಗೆ ತೋರಿಸಿದೆ, ಸಹಿ ಹಾಕಲಿಲ್ಲ. ಭೂತ ಇನ್ನೂ ನನ್ನದೇ.

ನವೆಂಬರಿನಲ್ಲಿ ಗೋವಾಕ್ಕೆ, ಇಫಿ ಚಿತ್ರೋತ್ಸವದ ಹೊತ್ತಿಗೆ ಸಿನಿಮಾ ಕೊಳ್ಳುವವರು, ಮಾರುವವರು ಸೇರುವ ಫಿಲ್ಮ್ ಬಜಾರಿಗೆ (ಈಗ ವೇವ್ಸ್ ಫಿಲ್ಮ್ ಬಜಾರ್) ಹೋಗುತ್ತೇನೆ ಅಂದಿದ್ದೀಯ. ಹೋಗು, ಆದರೆ ಅರ್ಜಿಯ ತಾರೀಕು ಮುಂಚೆಯೇ ನೋಡಿಕೋ. ಒಂದು ಟ್ಯಾಬ್, ಒಳ್ಳೆಯ ಹೆಡ್‌ಫೋನ್ ಒಯ್ಯಿ. ಅಲ್ಲಿಯ ಗದ್ದಲದಲ್ಲಿ ಲ್ಯಾಪ್‌ಟಾಪ್ ಸ್ಪೀಕರ್ ಯಾರಿಗೂ ಕೇಳಿಸುವುದಿಲ್ಲ. ಮುಂಬಯಿಗೆ ಬಂದಾಗ ಅನಿಮೇಷನ್ ಮಾಡುವವರ ಸಂಘ ಟಾಸಿಯವರ ಕಾರ್ಯಕ್ರಮ ಇದ್ದರೆ ಅದಕ್ಕೂ ಹೋಗು, ಕಷ್ಟಪಟ್ಟವರು ಸಿಗುತ್ತಾರೆ.

ಹಾರ್ಡ್ ಡಿಸ್ಕ್ ಎರಡಿರಲಿ, ಒಂದು ಬೇರೆ ಮನೆಯಲ್ಲಿ. ಜುಲೈ ಮಳೆಗೆ ನನ್ನದು ಒಂದು ಹೋಗಿದೆ.

ಮುಂದಿನ ಭಾನುವಾರದೊಳಗೆ ಅನಿಮ್ಯಾಟಿಕ್‌ನ ಮೊದಲ ಎರಡು ನಿಮಿಷ ಇಲ್ಲೇ ಹಾಕು, ಧ್ವನಿ ಸಮೇತ. ಬಣ್ಣ ಹಾಕಿದ್ದು ಕಂಡರೆ ನಾನು ತೆರೆಯುವುದೇ ಇಲ್ಲ.