ದ್ರವ ಲಿಥಿಯಂ ಪರೀಕ್ಷೆಗೆ ಶಾಖದ ಮೂಲ ಯಾವುದಿರಲಿ: ಲೇಸರ್ರೋ, ಎಲೆಕ್ಟ್ರಾನ್ ಬೀಮೋ?

ಅದು ಆಮೇಲಿನ ಮಾತು. ಫ್ಯೂಷನ್ ರಿಯಾಕ್ಟರಿನಲ್ಲಿ ಕಾದ ಪ್ಲಾಸ್ಮಾದ ಶಾಖ ಬಂದು ಬೀಳುವ ಭಾಗವಾದ ಡೈವರ್ಟರ್‌ಗೆಂದು ದ್ರವ ಲಿಥಿಯಂ ಕಾಯಿಸಿ ನೋಡುವುದಾದರೆ, ಮೇಲ್ಮೈ ಉಷ್ಣತೆಯನ್ನು ಯಾವುದರಿಂದ ಅಳೆಯುತ್ತೀರಿ ಎನ್ನುವುದನ್ನು ಮೊದಲು ತೀರ್ಮಾನಿಸಿ. ಇನ್‌ಫ್ರಾರೆಡ್ ಕ್ಯಾಮೆರಾ ಒಂದನ್ನೇ ನಂಬಿ ನಾನು ಕೆಟ್ಟೆ.

ಲಿಥಿಯಂ ಹೀರಿದ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ, ಅಡಿಯಲ್ಲಿ ಮಾಲಿಬ್ಡಿನಂ, 3 ಸೆಂ.ಮೀ. ಅಗಲದ ಬಿಲ್ಲೆ. ಆಕ್ಸೈಡ್ ಕಟ್ಟಿ ಬೂದು ಬಣ್ಣಕ್ಕಿದ್ದುದರಿಂದ ಕ್ಯಾಮೆರಾದಲ್ಲಿ ಎಮಿಸಿವಿಟಿ (ಮೇಲ್ಮೈ ಎಷ್ಟು ಚೆನ್ನಾಗಿ ಶಾಖ ವಿಕಿರಣ ಸೂಸುತ್ತದೆ ಎನ್ನುವ ಅಳತೆ, ಗರಿಷ್ಠ 1) 0.6 ಇಟ್ಟಿದ್ದೆ. ಚದರ ಮೀಟರಿಗೆ 5 ಮೆಗಾವ್ಯಾಟ್ ಬಿದ್ದಾಗ ಪೊರೆ ಒಡೆಯಿತು, ನಡುವಿನಿಂದ ಅಂಚಿಗೆ ಕನ್ನಡಿಯಂಥ ಹೊಳಪು ಹರಡಿತು. ಪರದೆಯಲ್ಲಿ ಉಷ್ಣತೆ 380 ಡಿಗ್ರಿಗೆ ಇಳಿಯಿತು. ತಣ್ಣಗಾಗುತ್ತಿದೆಯೆಂದು ಪವರ್ ಏರಿಸಿದೆ.

ಎಡವಿದ್ದು ಇಲ್ಲೇ. ಹೊಳೆಯುವ ಲಿಥಿಯಂನ ಎಮಿಸಿವಿಟಿ 0.1ರ ಆಸುಪಾಸು. ಅಷ್ಟೇ ಬಿಸಿಯಿದ್ದರೂ ಕ್ಯಾಮೆರಾಕ್ಕೆ ಬರುವುದು ಆರರಲ್ಲೊಂದು ಪಾಲು ವಿಕಿರಣ. 4 ಮೈಕ್ರಾನ್ ತರಂಗಾಂತರಕ್ಕೆ ಲೆಕ್ಕ ಹಾಕಿ ನೋಡಿ: 0.6 ಎಂದುಕೊಂಡ ಕ್ಯಾಮೆರಾ 700 ಡಿಗ್ರಿಯನ್ನು 380 ಎಂದೇ ತೋರಿಸುತ್ತದೆ. ಸಾಲದ್ದಕ್ಕೆ ಆವಿ ಕಿಟಕಿಯ ಗಾಜಿಗೂ ಮೆತ್ತಿಕೊಂಡಿತ್ತು. 520 ಡಿಗ್ರಿ ಸುಮಾರಿಗೆ 1 ಪ್ಯಾಸ್ಕಲ್ ಇರುವ ಲಿಥಿಯಂ ಆವಿಯ ಒತ್ತಡ 720ರ ಹೊತ್ತಿಗೆ 100 ಪ್ಯಾಸ್ಕಲ್ ಮುಟ್ಟುತ್ತದೆ. ಜಾಲರಿಯೊಳಗೆ ದ್ರವ ಏರುವುದಕ್ಕಿಂತ ಬೇಗ ಆರಿಹೋಗಿ ನಡುಭಾಗ ಒಣಗಿತು. ಒಣಗಿದ ತಂತಿ ಕರಗಿ ಬಟಾಣಿ ಗಾತ್ರದ ತೂತು ಬಿತ್ತು.

ಮಾಲಿಬ್ಡಿನಂ ಒಳಗೆ 2 ಮತ್ತು 6 ಮಿ.ಮೀ. ಆಳದಲ್ಲಿ 1 ಮಿ.ಮೀ. ದಪ್ಪದ ಕೆ-ಟೈಪ್ ಥರ್ಮೊಕಪಲ್ (ಉಷ್ಣತೆ ಅಳೆಯುವ ತಂತಿ ಜೋಡಿ) ಕೂರಿಸಿ. 5 ಮೆಗಾವ್ಯಾಟ್‌ಗೆ ಅವೆರಡರ ನಡುವೆ ಸುಮಾರು 165 ಡಿಗ್ರಿ ವ್ಯತ್ಯಾಸ ಬರಬೇಕು. ಅದರಿಂದ ಮೇಲ್ಮೈಗೆ ಲೆಕ್ಕ ಎಳೆಯಿರಿ. ತಂಪುಗೊಳಿಸುವ ನೀರಿನ ಲೆಕ್ಕವೂ ಇದಕ್ಕೆ ತಾಳೆಯಾಗಬೇಕು: ಈ ಬಿಲ್ಲೆಗೆ ಬೀಳುವುದು 3.5 ಕಿಲೋವ್ಯಾಟ್, ನಿಮಿಷಕ್ಕೆ 6 ಲೀಟರ್ ಹರಿದರೆ ನೀರು 8.4 ಡಿಗ್ರಿ ಕಾಯುತ್ತದೆ. ಆ ನೀರು ಬೇರೆಯದೇ ತಾಮ್ರದ ಬ್ಲಾಕಿನಲ್ಲಿ ಹರಿಯಲಿ; ಲಿಥಿಯಂಗೆ ನೀರು ಸೋಕಿದರೆ ಹೈಡ್ರೋಜನ್ ಹುಟ್ಟಿ ಹೊತ್ತಿಕೊಳ್ಳುತ್ತದೆ.

ಲಿಥಿಯಂ ತುಂಬುವ ಕೆಲಸ ಆರ್ಗಾನ್ ಗ್ಲೋವ್ ಬಾಕ್ಸಿನಲ್ಲೇ ಆಗಬೇಕು. ಕಪ್ಪು ಪದರವನ್ನು ಬ್ಲೇಡಿನಿಂದ ಕೆರೆದು, ನಿರ್ವಾತದಲ್ಲಿ 400 ಡಿಗ್ರಿ ದಾಟಿಸಿ, ಹನಿ ಗುಂಡಗಿರುವುದು ಬಿಟ್ಟು ಚಪ್ಪಟೆಯಾಗಿ ಜಾಲರಿಯೊಳಕ್ಕೆ ಇಳಿಯುವ ತನಕ ಕಾಯಿರಿ.

ನಿಮ್ಮ ಪ್ರಶ್ನೆಗೆ ಬಂದರೆ, ಕನ್ನಡಿಯಂಥ ಲಿಥಿಯಂ ಲೇಸರಿನ ಬಹುಪಾಲನ್ನು ವಾಪಸ್ ಎಸೆಯುತ್ತದೆ. ಎಲೆಕ್ಟ್ರಾನ್ ಬೀಮ್ ತೆಗೆದುಕೊಳ್ಳಿ, ಎಕ್ಸ್-ರೇ ತಡೆ ಹಾಕಿ, ಆವಿ ನುಗ್ಗದಂತೆ ಎಲೆಕ್ಟ್ರಾನ್ ಚಿಮ್ಮಿಸುವ ಗನ್‌ಗೆ ಪ್ರತ್ಯೇಕ ಪಂಪ್ ಕೊಡಿ.